ಹಾಸು ಮುಗಿಯಲಿ ಅಂದಿದ್ದರು

ನೀರಿನ ಕೊಡ ಎತ್ತಿದರೆ ಸಾಕು, ರಜಿನಿಗೆ ಏದುಸಿರು. ಇಪ್ಪತ್ತಮೂರರ ಹುಡುಗಿ, ಚೊಚ್ಚಲ ಬಸುರಿ, ತೆಲಂಗಾಣದ ನಾರಾಯಣಪೇಟೆಯ ನೇಕಾರರ ಮನೆಯ ಸೊಸೆ.

"ನಾವು ಬಸರಿದ್ದಾಗ ಮಗ್ಗದ ಮ್ಯಾಲಿಂದ ಎದ್ದೇ ಇಲ್ಲ. ಈಗಿನವ್ರಿಗೆ ಉಸುರಾಡಾಕೂ ಆಳು ಬೇಕು," ಅಂತ ಅತ್ತೆ ಸುಗುಣಮ್ಮ ಚುಚ್ಚುತ್ತಿದ್ದರು.

ಐದನೇ ತಿಂಗಳಿಗೆ ಬಸಿರು ಇಳಿಯಿತು. ಹೃದಯದ ಕವಾಟ ಕಿರಿದಾಗಿದೆ, ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಇನ್ನೊಂದು ಬಸಿರು ಬೇಡ ಅಂದರು ಡಾಕ್ಟರು.

ಮಾತನಾಡಿಸಲು ಬಂದ ಆಶಾ ಕಾರ್ಯಕರ್ತೆ ಗುರುಲಿಂಗಮ್ಮ ಕೇಳಿದಳು, "ಆಪರೇಷನ್ ಸರ್ಕಾರದ ಆರೋಗ್ಯಶ್ರೀಯಾಗ ಪುಕ್ಕಟೆ ಮಾಡಸಬಹುದು. ನಿಮ್ಮ ರೇಷನ್ ಕಾರ್ಡಿನ್ಯಾಗ ಇಕಿ ಹೆಸರು ಐತಿಲ್ಲ?"



"ಮದಿವ್ಯಾದ ಮ್ಯಾಲೆ ಮಕ್ತಲದಾಗ ಅವ್ವನ ಕಾರ್ಡಿನಿಂದ ತಗಸೀವಿ," ರಜಿನಿಯೇ ಹೇಳಿದಳು. "ಇಲ್ಲಿ ಸೇರಿಸಿಲ್ಲಕ್ಕ."

"ಹೆಸರು ಸೇರಿಸ್ತಾರ ಅಂತ ಹೋದ ವರ್ಷ ನಾನ ಮನಿಮನಿಗೆ ಬಂದು ಹೇಳಿದ್ನಲ್ಲೋ ವಿಜಯ್!" ಅಂದಳು ಗುರುಲಿಂಗಮ್ಮ.

ಮಗ್ಗದಲ್ಲಿ ಕೂತಿದ್ದ ಗಂಡ ತಲೆ ತಗ್ಗಿಸಿದ. "ಹಾಸು ಮುಗೀಲಿ ಅಂದಿದ್ದೆ."

ಮಗ್ಗಕ್ಕೆ ಏರಿಸಿದ ಉದ್ದ ಎಳೆಗಳ ಹಾಸು ಮುಗಿಯುವುದು ಯಾವಾಗ? ಎಂಟು ಸೀರೆ ಇಳಿದವು ಅನ್ನುವಷ್ಟರಲ್ಲಿ ಹಳೆ ಎಳೆಯ ತುದಿಗೆ ಹೊಸ ಹಾಸಿನ ಎಳೆ ಗಂಟು ಬೀಳುತ್ತದೆ. ಮಗ್ಗ ಬರಿದಾಗಬಾರದು ಅನ್ನುವುದು ಆ ಮನೆಯ ನೇಮ. ಆ ಗಂಟು ಹಾಕುತ್ತಿದ್ದವಳು ರಜಿನಿಯೇ.

"ಕಾರ್ಡಂದ್ರ ಅಕ್ಕಿಗೆ. ಇದ್ದ ಅಕ್ಕಿ ಸಾಕಾಗ್ತಿತ್ತು ನಮಗ," ಸುಗುಣಮ್ಮ ಗೊಣಗಿದರು.

"ಅಕ್ಕಿಗಷ್ಟ ಅಲ್ಲಬೇ, ದವಾಖಾನಿಗೂ ಅದ ಬೇಕು," ಅಂದಳು ಗುರುಲಿಂಗಮ್ಮ.

"ನಾ ಅವ್ವನ ಮನ್ಯಾಗೂ ಇಲ್ಲ, ಇಲ್ಲೀನೂ ಇಲ್ಲ," ಅಂದಳು ರಜಿನಿ. ಅಳಲಿಲ್ಲ. ಅಳುವುದಕ್ಕೂ ಉಸಿರು ಬೇಕಲ್ಲ.

ಸುಗುಣಮ್ಮ ಸೊಸೆಯ ಮುಖ ನೋಡಿದರು. ಎದ್ದು ಹೋಗಿ ಮಗನ ಕೈಯ ಲಾಳಿ ಕಿತ್ತುಕೊಂಡರು. "ಸೀರಿ ಅರ್ಧಕ್ಕ ನಿಲ್ಲಲಿ. ಹೊಂಡು ಮೀಸೇವಾ ಕೇಂದ್ರಕ್ಕ, ಇಕಿ ಹೆಸರಿಗೆ ಅರ್ಜಿ ಹಾಕು!"

ಅರ್ಜಿ ಹಾಕಿದ್ದಾರೆ. ಹೆಸರು ಬರುವವರೆಗೆ ಗುಳಿಗೆಯೇ ಗತಿ. ವಿಜಯ್ ಮಗ್ಗ ಬಿಟ್ಟು ಹೈದರಾಬಾದಿನ ಕಂಪನಿ ಸೇರುವ ಮಾತಾಡುತ್ತಿದ್ದಾನೆ, ಅಲ್ಲಿ ಕೆಲಸಗಾರರ ಮನೆಯವರಿಗೂ ಚಿಕಿತ್ಸೆ ಕೊಡುವ ಇ.ಎಸ್.ಐ. ಇದೆಯಂತೆ. ಆಗ ಗಂಡ ಅಲ್ಲಿ, ಹೆಂಡತಿ ಇಲ್ಲಿ. ಹೋಗು ಅನ್ನಲು ರಜಿನಿಗೆ ನಾಲಿಗೆ ಏಳದು, ಇರು ಅನ್ನಲು ಧೈರ್ಯವಿಲ್ಲ. ಮರೆತು ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. ನೆನಪಾಗಿ ತೆಗೆಯುತ್ತಾಳೆ.

ಅಕ್ಕ ತಂಗಿಯರೇ, ನಿಮ್ಮ ಮನೆಗೂ ಸೊಸೆ ಬಂದಿರಬಹುದು. ತವರಿನ ಕಾರ್ಡಿನಿಂದ ಹೆಸರು ತೆಗೆಸಿದ ಕೂಡಲೇ ನಿಮ್ಮ ಕಾರ್ಡಿಗೆ ಸೇರಿಸಲು ಅರ್ಜಿ ಹಾಕಿ. ಕೂಸು ಹುಟ್ಟಿದರೆ ಅದರ ಹೆಸರೂ ಬರೆಸಿ. ಎಲ್ಲರೂ ಗಟ್ಟಿಮುಟ್ಟಾಗಿರುವ ಇವತ್ತೇ ಹೋಗಿ. ರಜಿನಿ ಇನ್ನೂ ಕಾಯುತ್ತಿದ್ದಾಳೆ. ನಿಮ್ಮ ಸೊಸೆ ಹಾಗೆ ಕಾಯದಿರಲಿ.