ಬೋರ್ಡಿನ ಬಾಲ

ಹೊಸ ಟ್ಯಾಬ್ ತೆಗೆದುಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಶುರುವಾದಾಗ ನಾನು ಬೇಡ ಎನ್ನುವವರ ಕಡೆ ಇದ್ದೆ. ಮಗಳ ಹಳೆಯ ಟ್ಯಾಬ್ ಒಂದು ಮೂಲೆ ಒಡೆದುಕೊಂಡು ಬೀರುವಿನ ಮೇಲೆ ಬಿದ್ದಿತ್ತು. ಅದು ಇರುವಾಗ ಇನ್ನೊಂದು ಯಾಕೆ ಎಂದು ಹೇಳಿದೆ. ಹೇಳಿದೆ ಎಂದರೆ ಒಂದು ಸಲವಲ್ಲ. ನಾನು ಯಾವುದನ್ನೂ ಒಂದು ಸಲಕ್ಕೆ ಹೇಳಿ ಮುಗಿಸುವವಳಲ್ಲ. ತವರಿನಲ್ಲಿ ನನಗೆ ರೇಡಿಯೋ ಎಂದೇ ಹೆಸರಿತ್ತು, ಮದುವೆಯಾದ ಮೇಲೂ ಯಾರೂ ಅದನ್ನು ಆರಿಸಲಿಲ್ಲ.

ನಮ್ಮ ಯಜಮಾನರು ಅಂಗಡಿಗಳಿಗೆ ಬೋರ್ಡು ಬರೆಯುವವರು. ಬ್ರಷ್ಷು, ಬಣ್ಣ, ಕೈ, ಇಷ್ಟೇ ಅವರ ಬಂಡವಾಳ. ಬೇಕರಿಯಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ನಮ್ಮ ಸುತ್ತಮುತ್ತಲ ಬೀದಿಗಳಲ್ಲಿ ಇವರ ಅಕ್ಷರ ಇಲ್ಲದ ಬಾಗಿಲು ಕಡಿಮೆ. ಬೋರ್ಡಿನ ಮೂಲೆಯಲ್ಲಿ ಇವರು ಯಾವತ್ತೂ ಹೆಸರು ಹಾಕಿಕೊಂಡವರಲ್ಲ. ಅದರ ಬದಲು ಅಂಗಡಿಯ ಹೆಸರಿನ ಕೆಳಗೆ ಒಂದು ಉದ್ದನೆಯ ಗೆರೆ ಎಳೆಯುತ್ತಿದ್ದರು. ಎಡಗಡೆ ಬೆರಳಿನಷ್ಟು ದಪ್ಪ, ಹೋಗ್ತಾ ಹೋಗ್ತಾ ಬಳುಕಿ, ಬಲಗಡೆಗೆ ಬರುವಷ್ಟರಲ್ಲಿ ನೂಲಿನಷ್ಟು ಸಣ್ಣ. ಬ್ರಷ್ಷು ಎತ್ತುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ. ಮನೆಯಲ್ಲಿ ನಾವು ಅದಕ್ಕೆ ಬಾಲ ಎನ್ನುತ್ತಿದ್ದೆವು. ಬಾಲ ನೋಡಿದ ಕೂಡಲೇ ಇದು ಯಾರ ಕೈ ಎಂದು ಜನ ಹೇಳುತ್ತಿದ್ದರು.

ಬಾಲ ಎಳೆಯುವುದಕ್ಕೆ ಮುಂಚೆ ಇವರು ಒಂದೇ ಮಾತು ಹೇಳುತ್ತಿದ್ದರು, "ಉಸಿರು" ಅಂತ. ಹೇಳಿದ ತಕ್ಷಣ ಮನೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿಯಬೇಕು. ಮದುವೆಯಾದ ಹೊಸದರಲ್ಲಿ ಇದೆಂಥ ಹುಚ್ಚು ಎಂದು ನಾನು ಕಿಸಕ್ಕನೆ ನಕ್ಕಿದ್ದೆ. ಗೆರೆ ಕೆಟ್ಟಿತು. ಇವರು ಬೈಯಲಿಲ್ಲ. ಟರ್ಪೆಂಟೈನ್ ಬಟ್ಟೆಯಲ್ಲಿ ಗೆರೆ ಒರೆಸಿ, "ನೀನು ಉಸಿರಾಡಿದ್ರೂ ನನ್ನ ಕೈಗೆ ಗೊತ್ತಾಗುತ್ತೆ ಕಣೇ" ಎಂದರು. ಅವತ್ತಿನಿಂದ ನಾನು ನಗಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದ್ದರೂ ಕೈಗೆಟುಕುವ ದೂರದಲ್ಲಿ ಕಂಬದ ಹಾಗೆ ನಿಂತಿದ್ದೇನೆ. ಮಗಳು ಇನ್ನೂ ಸರಿಯಾಗಿ ನಡೆಯಲು ಬಾರದ ವಯಸ್ಸಿನಲ್ಲೇ ಆ ಮಾತು ಕೇಳಿದರೆ ಕೆನ್ನೆ ಉಬ್ಬಿಸಿಕೊಂಡು ಕೂರುತ್ತಿದ್ದಳು. ಬಂದ ನೆಂಟರೂ ಒಂದೆರಡು ಸಲ ಬೆಪ್ಪಾಗಿ, ಆಮೇಲೆ ಕಲಿತುಕೊಂಡರು.

ನನ್ನ ಬಾಯಿಗೆ ಬೀಗ ಹಾಕುವ ತಾಕತ್ತು ಇದ್ದದ್ದು ಆ ಒಂದು ಮಾತಿಗೆ ಮಾತ್ರ. ಬೇರೆ ಯಾರಾದರೂ ಸುಮ್ಮನಿರು ಎಂದರೆ ನಾನು ಜಗಳಕ್ಕೇ ನಿಲ್ಲುವವಳು. ಇದೊಂದು ಮಾತ್ರ ನನಗೆ ಇಷ್ಟವಿತ್ತು. ಬ್ರಷ್ಷು ಅವರ ಕೈಯಲ್ಲಿದ್ದರೂ ಆ ಗೆರೆಯನ್ನು ನಾವಿಬ್ಬರೂ ಸೇರಿ ಎಳೆಯುತ್ತಿದ್ದೇವೆ ಎನ್ನಿಸುತ್ತಿತ್ತು.

ಇವರ ಕೈ ನಡುಗಲು ಶುರುವಾದದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಟೀ ಕುಡಿಯುವಾಗ ಇವರ ಕಪ್ಪು ಸಾಸರಿನ ಮೇಲೆ ಟಕಟಕ ಎನ್ನುವುದನ್ನು ಕೇಳಿದ್ದೆ, ತಲೆಕೆಡಿಸಿಕೊಂಡಿರಲಿಲ್ಲ. ಒಂದು ದಿನ ಬೇಕರಿಯವರ ಬೋರ್ಡಿಗೆ ಬಾಲ ಎಳೆಯುವಾಗ "ಉಸಿರು" ಎಂದರು. ನಾನು ಹಿಡಿದೆ. ಗೆರೆ ಅರ್ಧದಲ್ಲಿ ಅಲುಗಿತು. ಒರೆಸಿ ಮತ್ತೆ ಎಳೆದರು, ಮತ್ತೆ ಅಲುಗಿತು. ಕೊನೆಗೆ ತಿರುಗಿ, "ನೀನು ಉಸಿರು ಬಿಟ್ಯಾ?" ಎಂದು ಕೇಳಿದರು. ನಾನು ಬಿಟ್ಟಿರಲಿಲ್ಲ. ಆದರೂ ಹೌದು ಎಂದೆ. ಅದನ್ನು ಅವರು ನಂಬಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಡಾಕ್ಟರು ಪ್ರಾಣಕ್ಕೇನೂ ಅಪಾಯವಿಲ್ಲ, ವಯಸ್ಸಾಗುತ್ತಾ ಕೆಲವರಿಗೆ ಹೀಗಾಗುತ್ತದೆ, ಔಷಧದಿಂದ ಸ್ವಲ್ಪ ತಗ್ಗಬಹುದು, ಪೂರ್ತಿ ಹೋಗುವುದಿಲ್ಲ ಎಂದರು. ಅವರು ಹೇಳಿದ ರೀತಿ ನೋಡಿದರೆ ನಾವು ಸಂತೋಷಪಡಬೇಕಿತ್ತು. ಆಮೇಲೆ ಇವರು ಬಂದ ಕೆಲಸವನ್ನೆಲ್ಲ ವಾಪಸ್ ಕಳಿಸತೊಡಗಿದರು. ಮುಂದಿನ ಕೋಣೆಯಲ್ಲಿ ಕೂತು ಬ್ರಷ್ಷು ತೊಳೆಯುತ್ತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು. ಯಾರಿಗೆ ಬೇಕಾದರೂ ಬುದ್ಧಿ ಹೇಳುವವಳು ನಾನು. ನಡುಗುವ ಕೈಗೆ ಏನಂತ ಬುದ್ಧಿ ಹೇಳುವುದು?

ಟ್ಯಾಬಿನ ಮಾತು ತಂದವನು ನನ್ನ ತಮ್ಮ. ಅವನದು ದೊಡ್ಡ ದೊಡ್ಡ ಬೋರ್ಡು ಅಚ್ಚು ಮಾಡುವ ಪ್ರೆಸ್ಸು. ಎಲ್ಲದರಲ್ಲೂ ಮೂಗು ತೂರಿಸುವವನು, ಮನಸ್ಸು ಮಾತ್ರ ಒಳ್ಳೆಯದು. ಕಂಪ್ಯೂಟರಿನ ಅಕ್ಷರ ನೋಡಿ ನೋಡಿ ಗಿರಾಕಿಗಳಿಗೆ ಬೇಜಾರಾಗಿದೆ, ಕೈಬರಹವೇ ಬೇಕು ಎನ್ನುತ್ತಾರೆ, ಭಾವ ಟ್ಯಾಬಿನ ಮೇಲೆ ಬರೆದುಕೊಟ್ಟರೆ ಎಷ್ಟು ಕೆಲಸ ಬೇಕಾದರೂ ಕೊಡುತ್ತೇನೆ ಎಂದ. ಬೀರುವಿನ ಮೇಲಿನದನ್ನು ಇಳಿಸಿ, ಧೂಳು ಒರೆಸಿ, ಮಗಳು ಎಲ್ಲಿಂದಲೋ ಒಂದು ಪೆನ್ನು ತಂದು ಕೊಟ್ಟಳು. ಇವರು ಬಾಲ ಎಳೆದರು. ಪ್ರತಿಯೊಂದು ನಡುಕವೂ ಅದರಲ್ಲಿ ಹಾಗೆಹಾಗೆಯೇ ಮೂಡಿತು. "ಪರವಾಗಿಲ್ಲ, ಸತ್ಯವಂತ ಇದು" ಎಂದು ಇವರು ನಕ್ಕು ಪೆನ್ನು ಕೆಳಗಿಟ್ಟರು.

ಹೊಸ ಟ್ಯಾಬುಗಳು ನಡುಕವನ್ನು ತಾವೇ ತಿದ್ದಿಕೊಳ್ಳುತ್ತವೆ ಎಂದು ಮಗಳು ಹೇಳಿದ್ದು ಆಗ. ನನ್ನ ಕಿವಿ ನೆಟ್ಟಗಾಯಿತು. ಅಲ್ಲಿಯವರೆಗೆ ಬೇಡ ಬೇಡ ಎನ್ನುತ್ತಿದ್ದವಳು ಒಂದೇ ಏಟಿಗೆ ಪಕ್ಷ ಬದಲಿಸಿದೆ. ಈಗ ಬೇಡ ಎನ್ನುವವರು ಇವರೊಬ್ಬರೇ. ಬೇಡ ಎಂದು ಗಟ್ಟಿಯಾಗಿಯೂ ಹೇಳಲಿಲ್ಲ. ನಾನು ಒಲೆ ಮುಂದೆ, ಊಟದ ತಟ್ಟೆ ಮುಂದೆ, ಸ್ನಾನದ ಮನೆಯ ಬಾಗಿಲ ಮುಂದೆ ಅದನ್ನೇ ಹೇಳಿದೆ. ರೇಡಿಯೋ ಸಾಕಾಗಿ ಕೊನೆಗೆ, ನಡಿ, ನೋಡಿಯಾದ್ರೂ ಬರೋಣ ಎಂದು ಚಪ್ಪಲಿ ಮೆಟ್ಟಿದರು.

ಅಂಗಡಿ ತುಂಬ ಬೆಳಕು, ಗಾಜು, ತಣ್ಣನೆಯ ಗಾಳಿ. ಮಾರುವ ಹುಡುಗಿ ಚುರುಕಾಗಿದ್ದಳು. ಇದರ ತೂಕ, ಅದರ ಬ್ಯಾಟರಿ ಎಂದು ಪಟಪಟ ಹೇಳುತ್ತಲೇ ಒಂದನ್ನು ಇವರ ಮುಂದಿಟ್ಟು ಪೆನ್ನು ಕೊಟ್ಟಳು. ಇವರು ಬಲಗೈ ಮಣಿಕಟ್ಟನ್ನು ಎಡಗೈ ಮೇಲೆ ಊರಿ, ಗಾಜಿನ ಹತ್ತಿರ ಬಗ್ಗಿದರು. ನನಗೆ ಗೊತ್ತಾಯಿತು. ಕೈ ಎತ್ತಿ ಹುಡುಗಿಯನ್ನು ತಡೆದೆ. ಪಕ್ಕದಲ್ಲಿ ಫೋನು ನೋಡುತ್ತಿದ್ದ ಗಂಡ ಹೆಂಡತಿಯನ್ನೂ ಕಣ್ಣಲ್ಲೇ ಗದರಿಸಿದೆ. ಏನು ಅನಾಹುತವಾಯಿತೋ ಎಂದು ಅವರೂ ಉಸಿರು ಕಟ್ಟಿಕೊಂಡು ನಿಂತರು.

ಗೆರೆ ಅಲುಗಿತು. ಹುಡುಗಿ ಗಾಬರಿಯಾಗಲಿಲ್ಲ. ಒಂದು ನಿಮಿಷ ಸರ್ ಎಂದು ಆ ಗೆರೆ ಅಳಿಸಿ, ಪರದೆಯ ಪಕ್ಕದಲ್ಲಿ ಎಲ್ಲೋ ಒತ್ತಿ, ಏನನ್ನೋ ಕೊನೆಯವರೆಗೆ ಜರುಗಿಸಿ, ಈಗ ಬರೆಯಿರಿ ಎಂದಳು. ಇವರು ಮತ್ತೆ ಎಳೆದರು. ಪೆನ್ನು ನಡುಗುತ್ತಲೇ ಇತ್ತು, ನಾನು ಕಣ್ಣಾರೆ ನೋಡುತ್ತಿದ್ದೆ. ಗೆರೆ ಮಾತ್ರ ಸ್ವಲ್ಪ ತಡವಾಗಿ ಅದರ ಹಿಂದೆ ಬಂತು. ದಪ್ಪವಾಗಿ ಶುರುವಾಗಿ, ಬಳುಕಿ, ನೂಲಾಗಿ ಮುಗಿಯಿತು. ಒಂದು ಕೊಂಕೂ ಇರಲಿಲ್ಲ.

ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆ ಅತ್ತರೆ ಇವರಿಗೆ ನಾಚಿಕೆ ಎಂದು ಆ ಕಡೆ ತಿರುಗಿ ಚೀಲದಲ್ಲಿ ಕರವಸ್ತ್ರ ಹುಡುಕಿದೆ. ಒಳಗೆ ಕೊಡೆ, ಬೀಗದ ಕೈ, ಕನ್ನಡಕದ ಡಬ್ಬಿ ಎಲ್ಲ ಸಿಕ್ಕಿ ಕೊನೆಗೆ ಅದು ಸಿಕ್ಕಿತು. ಮೂಗು ಒರೆಸಿಕೊಂಡು ತಿರುಗಿದಾಗ ಪರದೆಯ ಮೇಲೆ ಎರಡು ಬಾಲಗಳಿದ್ದವು, ಒಂದರ ಕೆಳಗೆ ಒಂದು. ಪೆನ್ನು ಹುಡುಗಿಯ ಕೈಯಲ್ಲಿತ್ತು.

ಇವರು ಟ್ಯಾಬನ್ನು ನನ್ನ ಕಡೆ ಸರಿಸಿದರು. "ನನ್ನದು ಯಾವ್ದು, ಹೇಳು."

ಇದೇನು ದೊಡ್ಡ ಪರೀಕ್ಷೆ ಎಂದುಕೊಂಡೆ. ಇವರ ಬಾಲವನ್ನು ನಾನು ನೋಡಿದಷ್ಟು ಇವರೂ ನೋಡಿರಲಿಕ್ಕಿಲ್ಲ. ಬೀದಿಯಲ್ಲಿ ಬೇರೆಯವರು ಇವರದನ್ನು ಕದ್ದು ಬರೆದ ಬೋರ್ಡುಗಳನ್ನು ಬಸ್ಸಿನ ಕಿಟಕಿಯಿಂದಲೇ ಹಿಡಿದು ಬೈದವಳು ನಾನು. ಕೆಳಗಿನದು ಸ್ವಲ್ಪ ಹೆಚ್ಚು ಬಳುಕಿತ್ತು. ಅದರ ಮೇಲೆ ಬೆರಳಿಟ್ಟೆ.

ಹುಡುಗಿ ತಲೆ ತಗ್ಗಿಸಿದಳು. "ಅದು ನಾನು ಎಳೆದಿದ್ದು ಅಮ್ಮಾ" ಎಂದಳು. ಆಮೇಲೆ ಎರಡೂ ಚೆನ್ನಾಗಿಯೇ ಬಂದಿವೆಯಲ್ಲ ಎಂದು ಏನೇನೋ ಸೇರಿಸಿದಳು. ಪಾಪ, ಅವಳ ತಪ್ಪೇನಿದೆ. ಇಟ್ಟ ಬೆರಳನ್ನು ತೆಗೆಯಬೇಕೆಂದು ಕೂಡ ನನಗೆ ಹೊಳೆಯಲಿಲ್ಲ.

ಇವರು ಮಾತ್ರ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ತಿರುಗಿ ಜಗಳವಾಡಿ ಹಗುರಾಗುತ್ತಿದ್ದೆ. ಬೋರ್ಡಿನ ಮುಂದೆ ನಿಂತು ಬಣ್ಣ ಯೋಚಿಸುವಾಗಿನ ಮುಖದಲ್ಲೇ ಸ್ವಲ್ಪ ಹೊತ್ತು ಆ ಎರಡು ಗೆರೆಗಳನ್ನು ನೋಡಿದರು. ಆಮೇಲೆ ಮೆಲ್ಲಗೆ, "ಬೇಕಾ? ನೀನು ಹೇಳಿದ ಹಾಗೆ ಮಾಡೋಣ" ಎಂದರು.

ಬೇಡ ಎನ್ನಬಹುದಿತ್ತು. ಬೇಡ ಎಂದರೆ ಮನೆಗೆ ಹೋಗಿ ಮತ್ತೆ ಆ ತೊಳೆದ ಬ್ರಷ್ಷುಗಳು. ಮುಂದಿನ ಕೋಣೆಯಲ್ಲಿ ನೀರಿನ ಸದ್ದು, ಡಬ್ಬಿಯಲ್ಲಿ ಬ್ರಷ್ಷಿನ ಹಿಡಿ ತಾಗುವ ಸದ್ದು, ಅದನ್ನು ಕೇಳುತ್ತಾ ಅಡುಗೆಮನೆಯಲ್ಲಿ ನಾನು. ಅದನ್ನು ಇನ್ನೊಂದು ದಿನ ಕೇಳುವ ಶಕ್ತಿ ನನಗಿರಲಿಲ್ಲ. ಬೇಕು ಎಂದರೆ ಏನಾಗುತ್ತದೆ ಎಂಬುದೂ ಅಷ್ಟರಲ್ಲಿ ಗೊತ್ತಾಗಿತ್ತು. ಎರಡರಲ್ಲಿ ಒಂದನ್ನು ಆರಿಸುವ ಕೆಲಸ ನನ್ನ ತಲೆಗೆ ಬಂತು.

"ಬೇಕು" ಎಂದೆ.

ಅವರು ತಲೆಯಾಡಿಸಿ, ಇದನ್ನೇ ಕಟ್ಟಿಕೊಡಮ್ಮಾ ಎಂದು ಹುಡುಗಿಗೆ ಹೇಳಿದರು. ದಾರಿಯುದ್ದಕ್ಕೂ ನಾನು ಮಾತಾಡಿದೆ. ಪೆಟ್ಟಿಗೆ ಎಷ್ಟು ಗಟ್ಟಿಯಾಗಿದೆ, ತಮ್ಮ ಎಷ್ಟು ಖುಷಿಪಡುತ್ತಾನೆ, ಮಗಳು ಎಲ್ಲಿ ಇದನ್ನು ಹಾರಿಸಿಬಿಡುತ್ತಾಳೋ ಎಂದೆಲ್ಲ. ಇವರು ಹೂಂ ಎನ್ನುತ್ತಾ ಬಂದರು. ಬೇಕರಿಯ ಮುಂದೆ ಹಾಯುವಾಗ ಇಬ್ಬರೂ ತಲೆ ಎತ್ತಲಿಲ್ಲ.

ಕೆಲಸ ಬಂತು. ತಮ್ಮ ಹೇಳಿದ್ದಕ್ಕಿಂತ ಹೆಚ್ಚೇ ಬಂತು. ಔಷಧದಂಗಡಿ, ಹೂವಿನಂಗಡಿ, ಹೊಸ ಕ್ಲಿನಿಕ್ಕು. ಭಾವನ ಬಾಲಕ್ಕೆ ಎಷ್ಟು ಬೇಡಿಕೆ ಗೊತ್ತಾ ಅಕ್ಕಾ ಎಂದು ತಮ್ಮ ಬಂದಾಗಲೆಲ್ಲ ಹೇಳುತ್ತಾನೆ. ಮಗಳು ತನ್ನ ಬುದ್ಧಿವಂತಿಕೆಗೆ ತಾನೇ ಬೆನ್ನು ತಟ್ಟಿಕೊಳ್ಳುತ್ತಾಳೆ. ನೆಂಟರೆಲ್ಲ ಒಳ್ಳೆಯದಾಯಿತು ಎಂದರು. ನಾನೂ ಹೌದು ಹೌದು ಎನ್ನುತ್ತೇನೆ. ಇವರು ಬೆಳಿಗ್ಗೆ ಎದ್ದು ಮುಖ ತೊಳೆದು ಕೆಲಸಕ್ಕೆ ಕೂರುತ್ತಾರಲ್ಲ, ಅದಕ್ಕಿಂತ ಇನ್ನೇನು ಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮುಂದಿನ ಕೋಣೆಯಲ್ಲಿ ಟರ್ಪೆಂಟೈನ್ ವಾಸನೆ ಹೋಗಿದೆ. ಮೊದಲು ಆ ವಾಸನೆಗೆ ಮೂಗು ಮುರಿಯುತ್ತಿದ್ದವಳು ನಾನೇ.

ಮೊನ್ನೆ ಟೀ ತೆಗೆದುಕೊಂಡು ಹೋದೆ. ಇವರು ಕಿಟಕಿಯ ಪಕ್ಕ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಹೋಟೆಲಿನ ಹೆಸರು ಬರೆದು ಮುಗಿಸಿದ್ದರು. ಪೆನ್ನನ್ನು ಎಡಗಡೆಗೆ ಒಯ್ದರು. ಬಾಲದ ಹೊತ್ತು ಎಂದು ನೋಡಿದ ಕೂಡಲೇ ಗೊತ್ತಾಗಿ ಹೊಸ್ತಿಲಲ್ಲೇ ನಿಂತೆ. ಅವರು ಆ ಮಾತು ಹೇಳಲಿಲ್ಲ. ಹೇಳದಿದ್ದರೇನು, ನನ್ನ ಉಸಿರು ತಾನಾಗಿಯೇ ಕಟ್ಟಿತು. ಕಪ್ಪು ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಪೆನ್ನು ಅರ್ಧ ದಾರಿಯಲ್ಲಿದ್ದಾಗ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಬ್ರಷ್ಷು ಹಿಡಿಯುತ್ತಿದ್ದ ಕಾಲದಲ್ಲಿ ಬಾಲ ಎಳೆಯುವಾಗ ತಲೆ ಎತ್ತಿದ್ದನ್ನು ನಾನು ಕಂಡೇ ಇರಲಿಲ್ಲ. ಕೈ ಅದರ ಪಾಡಿಗೆ ನಡುಗುತ್ತಾ ಮುಂದೆ ಹೋಗುತ್ತಲೇ ಇತ್ತು.

"ಉಸಿರಾಡು ಕಣೇ" ಎಂದರು. "ಇದಕ್ಕೇನೂ ಆಗಲ್ಲ."

ನಾನು ಉಸಿರು ಬಿಟ್ಟೆ. ಗೆರೆ ಅಲುಗಲಿಲ್ಲ.