ಮೊದಲ ಓಟು

ಶಾಲೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಕೊಟ್ಟಿಗೆ ಬಳಿದು, ಮೈ ತೊಳೆದು, ವಿಭೂತಿ ಹಚ್ಚಿಕೊಂಡು ಬಂದ ಶರಣಬಸಮ್ಮ ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಊರಿಗೆ ಊರೇ ಓಟು ಹಾಕುವುದು ಇದೇ ಮೊದಲು. ಆ ಮೊದಲ ಓಟು ಆಕೆಯದೇ ಆಗಬೇಕು ಎಂದು ಎತ್ತಿನ ಗುರುತಿನ ಪಕ್ಷದ ರೇವಣಸಿದ್ದಯ್ಯನವರು ಎಷ್ಟೋ ದಿನದಿಂದ ಹೇಳುತ್ತ ಬಂದಿದ್ದರು.

ಅವಳ ಗಂಡ ಬಸವಂತರಾಯ ನಿಜಾಮನ ವಿರುದ್ಧ ಹೋರಾಡಲು ಗಡಿಯ ಕ್ಯಾಂಪಿಗೆ ಹೋಗಿ, ಪೊಲೀಸ್ ಆ್ಯಕ್ಷನ್ನಿನ ಮುಂಚಿನ ಬೇಸಿಗೆಯಲ್ಲಿ ಗುಂಡು ತಗಲಿ ಸತ್ತವನು. ಹೆಣ ಊರಿಗೆ ಬರಲಿಲ್ಲ. ಆಗ ಜನ ಅವಳ ಅಂಗಳ ತುಳಿಯಲು ಹೆದರುತ್ತಿದ್ದರು. ಊರ ಗೌಡರು, ಅವರ ಕಡೆಯವರು ನಿಜಾಮನ ದರಬಾರಿನ ರೂಮಿ ಟೋಪಿ ಇಟ್ಟುಕೊಂಡು ಚಿತ್ತಾಪುರದ ತಹಸೀಲ್ದಾರರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಕಾಲ ಅದು. ನಾಲ್ಕು ವರ್ಷ ತುಂಬುವುದರೊಳಗೆ ಅದೇ ತಲೆಗಳ ಮೇಲೆ ಬಿಳಿ ಟೋಪಿ ಬಂದವು. ಮುಖ ತಿರುಗಿಸಿದವರೇ ಜೋಡೆತ್ತಿಗೆ ಜೂಲು ಹೊದಿಸಿ ಓಣಿ ಓಣಿ ಮೆರೆಸಿದರು, ಬಸವಂತರಾಯನ ಹೆಸರು ಹಿಡಿದು ಜೈಕಾರ ಹಾಕಿದರು. ಶರಣಬಸಮ್ಮ ಕಟ್ಟೆಯ ಮೇಲೆ ಕುಳಿತು ಕೇಳಿದಳು. ಸಂತೋಷವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಯಾರದೋ ಗಂಡನ ಸುದ್ದಿಯಂತಿತ್ತು.

ಮೊದಲ ಓಟಿನ ಮಾತೊಂದು ಮಾತ್ರ ಒಳಗೆ ಎಲ್ಲೋ ಕುಳಿತುಕೊಂಡಿತ್ತು. ಗಂಡನ ಸಮಾಧಿಗೆ ಒಂದು ಹಿಡಿ ಮಣ್ಣು ಹಾಕಲು ಸಿಕ್ಕಿರಲಿಲ್ಲ. ಅವನ ಹೆಸರಲ್ಲಿ ಇದೊಂದನ್ನಾದರೂ ಕೈಯಾರೆ ಹಾಕಬೇಕು ಎಂದುಕೊಂಡಿದ್ದಳು.

ಬಾಗಿಲು ತೆರೆಯುವ ಹೊತ್ತಿಗೆ ರೇವಣಸಿದ್ದಯ್ಯನವರು ಬಂದರು. ಹಿಂದೆ ಗೌಡರ ಹೆಂಡತಿ ಲಲಿತಾಬಾಯಿ, ಹಸಿರು ಸೀರೆ, ಕೈಯಲ್ಲಿ ಆರತಿ ತಟ್ಟೆ.

"ವೈನಿ, ಸ್ವಲ್ಪ ಹಿಂದ ಸರೀರಿ," ಎಂದರು ಅಯ್ಯನವರು, ನೆಲ ನೋಡುತ್ತ. "ಗೌಡಸಾನಿಯವರು ಆರತಿ ಮಾಡಿ ಮೊದಲ ಹಾಕ್ತಾರ. ಮುತ್ತೈದೇರು ಒಂದೈದು ಮಂದಿ ಆಗ್ಲಿ. ಆಮ್ಯಾಲ ನೀವು."

"ನೀವೇ ಅಂದಿದ್ರೆಲ್ಲರಿ, ಅಯ್ಯನೋರೆ."

"ಅಂದಿದ್ದೆ. ನನಗೇನಿಲ್ಲ ಬಿಡ್ರಿ, ಮಂದಿ ಮನಸಿಗಿ ಬರ್ತದ. ಎತ್ತಂದ್ರ ಬಸವಣ್ಣ. ಮೊದಲ ಸಲ ನಿಂತದ, ಶಕುನ ನೋಡಬೇಕಾಗ್ತದ."

ಹಿಂದಿನ ಸಂಜೆ ಚಾವಡಿಯ ಮುಂದೆ, ಶರಣರಿಗೆ ಶಕುನವಿಲ್ಲ ಅಪಶಕುನವಿಲ್ಲ ಎಂದು ಭಾಷಣ ಮಾಡಿದ್ದವರೂ ಅವರೇ.

ಶರಣಬಸಮ್ಮ ಸರಿದಳು. ಐದು ಮಂದಿಯ ಹಿಂದೆ ಮತ್ತೆ ಐದು ಮಂದಿ ಬಂದರು, ಪ್ರತಿ ಸಲವೂ ಯಾರೋ ಒಬ್ಬರು ಕಣ್ಣಿನಲ್ಲೇ ಅವಳನ್ನು ಹಿಂದೆ ಸರಿಸಿದರು. ಸರಿಯುತ್ತ ಸರಿಯುತ್ತ ಬೇವಿನ ಮರದ ತನಕ ಬಂದಳು. ಅಲ್ಲಿ ವಾಡಿಯ ಕಡೆಯ ಕಲ್ಲಿನ ಗಣಿಯಲ್ಲಿ ದುಡಿಯುವ ಹೆಂಗಸರು ಕುಳಿತಿದ್ದರು, ಹೊಳೆದಂಡೆಯ ಓಣಿಯವರು. ಊರು ಮುಗಿದ ಮೇಲೆ ಅವರ ಪಾಳಿ. ಶಹಾಬಾದಿನ ಯೂನಿಯನ್ನಿನವರು ನಿಲ್ಲಿಸಿದ್ದ ಗಿಡದ ಗುರುತಿಗೆ ಅವರು ಓಟು ಹಾಕುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

"ಏನ್ರಿ ಸಾವ್ಕಾರ್ತಿ, ನಿಮಗೂ ನಮ್ಮ ಪಾಳಿನೇ ಬಂತೇನು?" ಎಂದಳು ಹಣಮಮ್ಮ. ಉಳಿದವರು ಸೆರಗಿನಲ್ಲಿ ನಕ್ಕರು. ಶರಣಬಸಮ್ಮನ ಮುಖ ನೋಡಿದ ಮೇಲೆ ಹಣಮಮ್ಮ ತಾನೇ ಸರಿದು ಜಾಗ ಮಾಡಿದಳು. "ಬರ್ರಿ, ನನ್ನ ಮುಂದ ನಿಂದರ್ರಿ. ನಮ್ಮ ಗಿಡಕ್ಕ ಶಕುನ ಗಿಕುನ ಇಲ್ಲ. ಕಾಗಿನೂ ಕುಂದ್ರತದ, ಗುಬ್ಬಿನೂ ಕುಂದ್ರತದ."

ಬಿಸಿಲು ಏರಿದ ಮೇಲೆ ಅವಳ ಪಾಳಿ ಬಂತು. ಪರದೆಯ ಹಿಂದೆ ಒಂದೊಂದು ಗುರುತಿಗೆ ಒಂದೊಂದು ಪೆಟ್ಟಿಗೆ. ಬೇಕಾದದ್ದರೊಳಗೆ ಚೀಟಿ ಹಾಕಿದರೆ ಆಯಿತು. ಎತ್ತಿನ ಪೆಟ್ಟಿಗೆ ಕುಂಕುಮ, ಅರಿಸಿನ, ಚೆಂಡುಹೂವಿನಲ್ಲಿ ಮುಳುಗಿತ್ತು. ಗಿಡದ ಪೆಟ್ಟಿಗೆಯ ಮೇಲೆ ಏನೂ ಇರಲಿಲ್ಲ, ಬರೀ ತಗಡು. ಅವಳ ಕೈ ಎತ್ತಿನ ಕಡೆ ಹೋಗಿ, ಕುಂಕುಮದ ಅಂಚಿನಲ್ಲಿ ನಿಂತಿತು. ಚೀಟಿ ಬಿದ್ದ ಸದ್ದೂ ಆಗಲಿಲ್ಲ.

ಹೊರಗೆ ರೇವಣಸಿದ್ದಯ್ಯನವರು ಕೈಮುಗಿದು ನಿಂತಿದ್ದರು. "ಬಸವಂತಣ್ಣನ ಜೀವಕ್ಕ ಸಮಾಧಾನ ಆತು ನೋಡ್ರಿ, ವೈನಿ."

"ನಿಮ್ಮ ಎತ್ತಿಗಿ ನಾ ಮುಟ್ಟಿಲ್ಲರಿ, ಅಯ್ಯನೋರೆ."

"ಛೇ, ಹಂಗ್ಯಾಕ ಅಂತೀರಿ," ಎಂದರು. ಮುಗಿದ ಕೈ ಬಿಚ್ಚಲು ಮರೆತರು.

ಅವಳು ಮನೆಯ ಓಣಿ ಹಿಡಿಯಲಿಲ್ಲ. ಗಣಿಯ ಹೆಂಗಸರ ಜೊತೆ ಕಾಗಿಣೆ ಹೊಳೆಯ ದಾರಿಯಲ್ಲಿ ನಡೆದಳು. ಯಾರಿಗೆ ಹಾಕಿದಿರಿ ಎಂದು ಯಾರೂ ಕೇಳಲಿಲ್ಲ. ತಿರುವಿನಲ್ಲಿ ಒಂದು ಹಾಸುಗಲ್ಲಿನ ಮೇಲೆ ಕುಳಿತು ಹಣಮಮ್ಮ ಗಂಟು ಬಿಚ್ಚಿದಳು. ರೊಟ್ಟಿ ಮುರಿದು, ಅಗಸಿ ಹಿಂಡಿಯ ಖಾರಪುಡಿ ಹಚ್ಚಿ, ಕೊಡಲೋ ಬೇಡವೋ ಎಂದು ತುಸು ತಡೆದು, ಆಮೇಲೆ ಚಾಚಿದಳು. ಮೀನು ಬೇಯುವ ಮನೆಯ ರೊಟ್ಟಿ. ಶರಣಬಸಮ್ಮ ತೆಗೆದುಕೊಂಡು ನಿಧಾನವಾಗಿ ಅಗಿದಳು. ಖಾರ ಕಿವಿಯ ತನಕ ಹತ್ತಿತು. ಅವಳು ನೀರು ಕೇಳಲಿಲ್ಲ, ಇನ್ನೊಂದು ತುತ್ತು ಮುರಿದಳು.