ಭುಜದ ಮೇಲಿನ ಔಷಧಿ

ಸಹೃದಯ ವಾಚಕ ಮಹಾಶಯರೇ! ಈ ಕಥಾನಕದಲ್ಲಿ ಕೊಲೆಯಿಲ್ಲ, ಕುದುರೆಯೇರಿ ಬರುವ ಮುಸುಕುಧಾರಿಯಿಲ್ಲ, ಕೊನೆಯ ಪುಟದಲ್ಲಿ ಬಯಲಾಗುವ ಅವಳಿ ಸೋದರನೂ ಇಲ್ಲ. ಇರುವುದು ಒಬ್ಬ ನಡುವಯಸ್ಸಿನ ಬಣ್ಣಗಾರ, ಅವನ ಅಕ್ಕ ಮತ್ತು ಒಂದು ಔಷಧಿ. ಅಷ್ಟರಿಂದಲೇ ತೃಪ್ತರಾಗುವ ಔದಾರ್ಯ ತಮಗಿದೆಯೆಂದು ನಂಬಿ ಆರಂಭಿಸುತ್ತೇನೆ.

ಆ ಬಣ್ಣಗಾರ ನಾನೇ. ಕಾರ್ಖಾನೆಯ ಚಿಮಣಿ, ನೀರಿನ ಟ್ಯಾಂಕು, ಸೇತುವೆಯ ಕಮಾನು ಮುಂತಾಗಿ ಏಣಿಗೆ ಎಟುಕದ ಕಡೆಗಳಲ್ಲಿ ಹಗ್ಗಕ್ಕೆ ಜೋತುಬಿದ್ದು ಬಣ್ಣ ಬಳಿಯುವುದು ನನ್ನ ಕಸುಬು. ಒಂದು ಊರಿನ ಕೆಲಸ ಮುಗಿಯುವ ಮೊದಲೇ ಇನ್ನೊಂದು ಊರಿನ ಬಸ್ಸು ವಿಚಾರಿಸುತ್ತಿದ್ದ ನನ್ನನ್ನು ಜೊತೆಗಾರರು ಗಾಳಿಪಟ ಎಂದೇ ಕರೆಯುತ್ತಿದ್ದರು. ಅಂಥ ಗಾಳಿಪಟ ಅಕ್ಕನ ಮನೆಗೆ ಎರಡು ದಿನದ ಮಟ್ಟಿಗೆಂದು ಬಂದು, ಮಹಡಿಯ ಕೋಣೆಯ ಮಂಚಕ್ಕೆ ಅಂಟಿಕೊಂಡು, ವರ್ಷವಾದರೂ ಏಳಲಿಲ್ಲ.

ಎಲ್ಲಿಗೂ ಹೋಗಬೇಕೆನಿಸುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ತೊಡೆಗಳು ಸೋಲುತ್ತಿದ್ದವು. ಗಡ್ಡ ಬೆಳೆಯುವುದನ್ನೇ ಮರೆತಿತ್ತು. ಕಾದಂಬರಿಕಾರರು ಮೂರು ಚುಕ್ಕೆಗಳನ್ನಿಟ್ಟು ಮುಂದಿನ ಅಧ್ಯಾಯಕ್ಕೆ ಜಾರಿಕೊಳ್ಳುವ ಆ ವಿಷಯದಲ್ಲಂತೂ ನನ್ನಲ್ಲಿ ಚುಕ್ಕೆಗಳೂ ಉಳಿದಿರಲಿಲ್ಲ. ವಿಚಿತ್ರವೆಂದರೆ, ಈ ರೋಗವನ್ನು ಎಲ್ಲರೂ ಹೊಗಳಿದರು. "ಅಂತೂ ಇವನಿಗೆ ಬುದ್ಧಿ ಬಂತು ನೋಡು," ಎಂದರು ಚಿಕ್ಕಮ್ಮ. ಅಕ್ಕನ ಹಿಗ್ಗಿಗೆ ಮಿತಿಯೇ ಇರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅವಳ ತವರು ಎಂದರೆ ನಾನೊಬ್ಬನೇ. ಆ ತವರು ಈಗ ಅವಳ ಮಹಡಿಯ ಮೇಲೆಯೇ ಮಲಗಿತ್ತು.

ಅನುಮಾನ ಬಂದದ್ದು ಭಾವನಿಗೆ. ಅವರು ದರ್ಜಿ. ನನಗೊಂದು ಅಂಗಿ ಹೊಲಿಯಲು ಅಳತೆಪಟ್ಟಿ ಹಿಡಿದವರು ತೋಳನ್ನು ಮತ್ತೆ ಅಳೆದು, ಹುಬ್ಬು ಗಂಟಿಕ್ಕಿದರು.

"ಅಲ್ಲಯ್ಯಾ, ಹೋದ ಸಲದ ಅಳತೆಗೆ ಹೊಲಿದ್ರೆ ನಿನ್ನ ಜೊತೆ ಇನ್ನೊಬ್ಬ ಈ ತೋಳೊಳಗೆ ಬಾಡಿಗೆಗಿರಬಹುದು. ನಡಿ ಡಾಕ್ಟರ ಹತ್ರ."

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ತಲೆಯ ಚಿತ್ರ ತೆಗೆದರು. ಕೊನೆಗೆ ಡಾಕ್ಟರಮ್ಮ ವಿವರಿಸಿದರು: "ಗಡ್ಡೆಗಿಡ್ಡೆ ಏನಿಲ್ಲ, ಹೆದರಬೇಡಿ. ತಲೆಯೊಳಗಿರೋ ಒಂದು ಗ್ರಂಥಿ ಕೆಳಗಡೆಗೆ ಅಪ್ಪಣೆ ಕಳಿಸೋದು ನಿಲ್ಲಿಸಿದೆ. ಅದಕ್ಕೇ ಗಂಡಸರ ಹಾರ್ಮೋನು, ಟೆಸ್ಟೋಸ್ಟಿರಾನ್, ತಳ ಮುಟ್ಟಿದೆ. ಹೊರಗಿನಿಂದ ಕೊಡೋಣ. ಬೆಳಿಗ್ಗೆ ಸ್ನಾನ ಆದ್ಮೇಲೆ ಎರಡೂ ಭುಜಕ್ಕೆ ಈ ಜೆಲ್ ಹಚ್ಚಿ, ಒಣಗಿಸಿ, ಅಂಗಿ ಹಾಕ್ಕೊಳ್ಳಿ. ಕೈ ಸೋಪಲ್ಲಿ ತೊಳ್ಕೊಳ್ಳಿ. ಹೆಂಗಸರಿಗೆ, ಮಕ್ಕಳಿಗೆ ಅದು ತಾಗಬಾರದು."

ಮೊದಲ ವಾರಗಳಲ್ಲಿ ಏನೂ ಆಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಆಯಿತು. ಹಸಿವು ಕಾಣಿಸಿಕೊಂಡಿತು. ನಿದ್ರೆಯಿಂದ ಎದ್ದಾಗ ನಿಜವಾಗಿಯೂ ಎದ್ದಂತೆ ಭಾಸವಾಗತೊಡಗಿತು. ಬೆನ್ನ ತುಂಬ ಮೊಡವೆಗಳೆದ್ದವು. ಕತ್ತರಿ ಎಲ್ಲಿಟ್ಟೆ ಎಂದು ಭಾವ ಕೇಳಿದ ಮಾತ್ರಕ್ಕೆ ಅವರ ಮೇಲೆ ಗುಡುಗಿ, ಮರುಗಳಿಗೆಯಲ್ಲಿ ಕಣ್ಣು ತುಂಬಿಕೊಂಡು ನಿಂತೆ. ಮನಸ್ಸು ಹೊಸ ಚಪ್ಪಲಿಯಂತೆ ಎಲ್ಲೆಂದರಲ್ಲಿ ಕಚ್ಚುತ್ತಿತ್ತು.

"ಬಿಡೇ," ಎಂದು ಭಾವ ಅಕ್ಕನಿಗೆ ಸಮಾಧಾನ ಹೇಳಿದರು. "ತಲೆ ನರೆತ ಮೇಲೆ ಮೀಸೆ ಚಿಗುರೋ ವಯಸ್ಸು ಬಂದಿದೆ ನಿನ್ನ ತಮ್ಮನಿಗೆ. ಸ್ವಲ್ಪ ದಿನ ಸಹಿಸ್ಕೋ."

ಅಕ್ಕ ನಗಲಿಲ್ಲ. ಅಂದು ಬೆಳಿಗ್ಗೆ ನಾನು ಕಿಟಕಿಯಲ್ಲಿ ನಿಂತು, ರಸ್ತೆಯ ತುದಿಯಲ್ಲಿ ತಿರುಗುವ ಬಸ್ಸನ್ನು ಮರೆಯಾಗುವವರೆಗೂ ನೋಡುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿತ್ತು.

ಅದೇ ಹೊತ್ತಿಗೆ ಹಳೆಯ ಮೇಸ್ತ್ರಿ ಹುಡುಕಿಕೊಂಡು ಬಂದರು. ದೂರದ ಬಂದರಿನಲ್ಲಿ ದೀಪಸ್ತಂಭಕ್ಕೆ ಬಣ್ಣ ಬಳಿಯುವ ಕೆಲಸ. ತಿಂಗಳು ಕಳೆದು ಹೊರಡುವುದು.

"ಬರ್ತೀಯೇನೋ ಗಾಳಿಪಟ? ಆದ್ರೆ ಒಂದು ಮಾತು. ನಮ್ಮ ಅಂಗಳದ ಕಬ್ಬಿಣದ ಗೋಪುರನ ಬಣ್ಣದ ಡಬ್ಬ ಸಮೇತ ಹತ್ತಿ ಇಳಿದು ತೋರಿಸ್ಬೇಕು. ಅರ್ಧ ದಾರೀಲಿ ನೀನು ನೇತಾಡ್ತಿದ್ರೆ ಒಗೆದ ಬಟ್ಟೆ ಅಂದ್ಕೊಂಡು ಜನ ಕ್ಲಿಪ್ಪು ಹಾಕ್ತಾರೆ."

ಮರುದಿನದಿಂದಲೇ ಅಭ್ಯಾಸಕ್ಕೆ ಹೊರಟೆ. ಹಗ್ಗದವರಾದ ನಮ್ಮಲ್ಲಿ ಒಂದು ರೂಢಿಯಿದೆ. ಕೆಲಸಕ್ಕೆ ಹೊರಡುವ ಮುನ್ನ ಎರಡೂ ಭುಜಗಳಿಗೆ ಧಾರಾಳವಾಗಿ ಎಣ್ಣೆ ತಿಕ್ಕಿಕೊಳ್ಳುತ್ತೇವೆ. ಇಲ್ಲವಾದರೆ ಸೊಂಟದ ಹಗ್ಗವನ್ನು ಹೊರುವ ಪಟ್ಟಿಗಳು ಚರ್ಮವನ್ನು ಸುಲಿದುಬಿಡುತ್ತವೆ. ಕಸುಬಿನ ಈ ಮೊದಲ ಪಾಠವನ್ನು ಕೈಗಳು ತಾವಾಗಿಯೇ ಪಾಲಿಸಿದವು. ಎಣ್ಣೆ ಮೊದಲು, ಅದರ ಮೇಲೆ ಔಷಧಿ, ಅದರ ಮೇಲೆ ಬನಿಯನ್ನು, ಅದರ ಮೇಲೆ ಪಟ್ಟಿ. ಇದರಲ್ಲಿ ಡಾಕ್ಟರಮ್ಮನಿಗೆ ಹೇಳಬೇಕಾದದ್ದೇನಾದರೂ ಇದೆಯೆಂದು ನನಗೆ ಹೊಳೆಯಲೇ ಇಲ್ಲ.

ಮೊದಲ ದಿನ ಗೋಪುರದ ಅರ್ಧ ಏರಿದೆ. ಕೆಲವು ದಿನಗಳ ಬಳಿಕ ಅದಕ್ಕೂ ಕಡಿಮೆ. ಆಮೇಲೆ ಕೆಳಗೆ ಕುಳಿತು ಗೋಪುರವನ್ನು ನೋಡುವುದಷ್ಟೇ ಆಯಿತು. ಹಸಿವು ಬಂದ ದಾರಿಯಲ್ಲೇ ಹಿಂದಿರುಗಿತು. ರಕ್ತ ಪರೀಕ್ಷೆಯಲ್ಲಿ ಅಂಕೆ ಮತ್ತೆ ತಳದಲ್ಲಿತ್ತು. "ಸರಿಯಾಗಿ ಹಚ್ಕೊಳ್ತಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದರು. "ಒಂದು ದಿನವೂ ತಪ್ಪಿಸಿಲ್ಲ," ಎಂದೆ. ಅದು ಸತ್ಯವೇ ಆಗಿತ್ತು.

ಮನೆಗೆ ಬಂದು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಕೆಳಗಿನಿಂದ ಮೇಸ್ತ್ರಿ ಹೆಸರು ಹಿಡಿದು ಕೂಗಿದಾಗ, ಇಲ್ಲವೆಂದು ಹೇಳಿಬಿಡು ಎಂದು ಬಾಗಿಲಲ್ಲಿದ್ದ ಅಕ್ಕನಿಗೆ ಕೈಸನ್ನೆ ಮಾಡಿದೆ. ಅವಳು ಕೆಳಗೆ ಹೋಗಿ, ಅವರನ್ನು ಕಳಿಸಿ, ಬಹಳ ಹೊತ್ತಿನ ಮೇಲೆ ಬಂದಳು. ಕೈಯಲ್ಲಿ ನನ್ನ ಬನಿಯನ್ನಿತ್ತು.

"ಮೂಸು ಇದನ್ನ."

"ಏನೇ ಇದು, ಥೂ!"

"ಮೂಸೋ ಅಂದ್ರೆ."

ಎಣ್ಣೆಯ ಜಿಡ್ಡಿನ ನಡುವೆ ಸ್ಪಿರಿಟ್ಟಿನ ವಾಸನೆ, ಜೆಲ್ಲಿನದೇ ವಾಸನೆ, ಮೂಗಿಗೆ ಬಡಿಯಿತು.

"ನಿನ್ನ ಔಷಧಿಯೆಲ್ಲಾ ದಿನಾ ನಾನು ಬಟ್ಟೆ ಒಗೆಯೋ ಬಕೆಟ್ಟಿಗೆ ಬರ್ತಿದೆ. ಎಣ್ಣೆ ಮೇಲೆ ಹಚ್ಚಿದ್ರೆ ಮೈಗೆಲ್ಲಿ ಇಳಿಯುತ್ತೋ, ದಡ್ಡಾ? ಒಳಗೆ ಹೋಗೋಕೆ ಮುಂಚೆ ಬನಿಯನ್ನು, ಪಟ್ಟಿ ಒರೆಸ್ಕೊಂಡುಬಿಡುತ್ತೆ."

ನಾನು ಎದ್ದು ಕುಳಿತೆ. "ಯಾವಾಗ ಗೊತ್ತಾಯ್ತು ನಿಂಗೆ?"

ಅವಳು ಬನಿಯನ್ನನ್ನು ಮಡಚಿದಳು, ಬಿಚ್ಚಿದಳು. "ಆಗ್ಲೇ ಒಂದು ವಾರ ಆಯ್ತು."

"ಮತ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಹೋಗ್ತೀಯಲ್ಲ!" ಅವಳ ಧ್ವನಿ ಒಮ್ಮೆಲೇ ಏರಿತು. "ಒಂದು ವರ್ಷ ಕಣೋ. ಊಟಕ್ಕೆ ಬಾ ಅಂತ ಮೆಟ್ಟಿಲ ಕೆಳಗೆ ನಿಂತು ಕರೆದ್ರೆ ಓಗೊಡೋಕೆ ನನ್ನವನೊಬ್ಬ ಇದ್ದ. ಅವನು ವಾಸಿಯಾಗೋದೇ ಬೇಡ ಅನ್ನಿಸ್ತು, ಎಂಥಾ ಅಕ್ಕ ನಾನು." ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಈಗ ಮೇಸ್ತ್ರಿ ಕರೀತಿದ್ರೆ ಗೋಡೆ ಕಡೆ ತಿರುಗಿದ್ಯಲ್ಲ, ಆಗ ಗೊತ್ತಾಯ್ತು. ತಮ್ಮ ಮನೇಲಿದ್ದಾನೆ ಅಂದ್ಕೊಂಡಿದ್ದೆ. ನೀನು ಇಲ್ಲೂ ಇಲ್ವಲ್ಲೋ."

ಇಂಥ ಸಂದರ್ಭಕ್ಕೆಂದೇ ನಾನು ಓದಿದ ಕಾದಂಬರಿಗಳಲ್ಲಿ ಅರ್ಧ ಪುಟದ ಸಂಭಾಷಣೆಗಳಿದ್ದವು; ಒಂದೂ ನೆನಪಿಗೆ ಬರಲಿಲ್ಲ. "ನಿಂಗೆ ಮೀಸೆಗೀಸೆ ಬಂದಿಲ್ಲ ತಾನೇ?" ಎಂದುಬಿಟ್ಟೆ.

"ಬಂದ್ರೆ ನಿನ್ನ ಭಾವ ಹೆದರ್ಕೊಂಡಾದ್ರೂ ಇರ್ತಾರೆ," ಎಂದು ಅವಳು ಅಳುತ್ತಲೇ ನಕ್ಕಳು.

ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಗದರಿದರು. ಅಕ್ಕನನ್ನು ಪರೀಕ್ಷಿಸಿ, ಏನೂ ಆಗಿಲ್ಲವೆಂದು ಖಚಿತಪಡಿಸಿದರು. "ನಿಮ್ಮ ಕಸುಬಿಗೆ ಜೆಲ್ ಆಗಿಬರಲ್ಲ. ಇಂಜೆಕ್ಷನ್ನಿಗೆ ಬದಲಾಯಿಸ್ತೀನಿ. ಯಾವ ಊರಲ್ಲಾದ್ರೂ ಹಾಕಿಸ್ಕೊಳ್ಳಬಹುದು. ಆದ್ರೆ ರಕ್ತ ಪರೀಕ್ಷೆ ಮಾತ್ರ ತಪ್ಪಿಸೋ ಹಾಗಿಲ್ಲ. ಅದಕ್ಕೆ ಇಲ್ಲಿಗೇ ಬರಬೇಕು."

"ಇಲ್ಲಿಗೇನಾ?" ಎಂದು ಅಕ್ಕ ಮತ್ತೊಮ್ಮೆ ಕೇಳಿ ದೃಢಪಡಿಸಿಕೊಂಡಳು.

ಇಂಜೆಕ್ಷನ್ನೂ ಸುಲಭವಾಗಿರಲಿಲ್ಲ. ಹಾಕಿಸಿಕೊಂಡ ಮೊದಲ ದಿನಗಳಲ್ಲಿ ಲೋಕವನ್ನೇ ಹೊರುವ ಹುಮ್ಮಸ್ಸು. ಮುಂದಿನದು ಸಮೀಪಿಸುತ್ತಿದ್ದಂತೆ ಒಂದು ಮಂಕು. ಮಂಕಿನ ದಿನ ಯಾರೊಡನೆಯೂ ವಾದ ಮಾಡಬಾರದು, ಹುಮ್ಮಸ್ಸಿನ ದಿನ ಯಾವುದಕ್ಕೂ ಮಾತು ಕೊಡಬಾರದು ಎಂಬುದನ್ನು ನಿಧಾನವಾಗಿ ಕಲಿತೆ. ಮೇಸ್ತ್ರಿಯವರು ದೀಪಸ್ತಂಭದ ಕೆಲಸವನ್ನು ಮುಂದೂಡಿ ಕಾದರು. ಹವಾಮಾನ ಸರಿಯಿಲ್ಲವೆಂದು ನೆಪ ಹೇಳಿದರಾದರೂ ಆಕಾಶ ಶುಭ್ರವಾಗಿತ್ತು.

ಕೊನೆಗೊಂದು ಮಧ್ಯಾಹ್ನ ನಾನು ಡಬ್ಬ ಸಮೇತ ಗೋಪುರವನ್ನು ಏರಿದೆ. ತುದಿಯಲ್ಲಿ ಗಾಳಿ ಅಂಗಿಯೊಳಗೆ ನುಗ್ಗಿತು. ಊರಿನ ಛಾವಣಿಗಳ ಆಚೆ ರಸ್ತೆಗಳು ಕವಲೊಡೆದು ಹೋಗುತ್ತಿದ್ದವು. ಅವುಗಳಲ್ಲಿ ಪ್ರತಿಯೊಂದೂ ಎಲ್ಲಿಗೆ ಹೋಗುವುದೆಂದು ತಿಳಿಯುವ ಆಸೆ ಎದೆಯಲ್ಲಿ ಎದ್ದಿತು.

ಇಂದು ಬೆಳಿಗ್ಗೆ ಗಂಟು ಕಟ್ಟಿದ್ದೇನೆ: ಹಗ್ಗ, ಕುಂಚಗಳು, ಎರಡು ಕಾದಂಬರಿ, ಮುಂದಿನ ಇಂಜೆಕ್ಷನ್ನಿನ ಚೀಟಿ. ಭಾವ ಹೊಸ ಅಂಗಿಯನ್ನು ತೊಡಿಸಿ, ಹೊಲಿಗೆಯಂಚಿನಲ್ಲಿ ಬಟ್ಟೆ ಜಾಸ್ತಿ ಬಿಟ್ಟಿರುವುದಾಗಿ, ಭುಜ ತುಂಬಿದಂತೆ ಬಿಚ್ಚಿ ಸಡಿಲಿಸಬಹುದೆಂದು ತೋರಿಸಿದರು. ಅಕ್ಕ ಬಾಗಿಲಲ್ಲಿದ್ದಾಳೆ.

"ರಕ್ತ ಕೊಡೋಕೆ ಬರ್ತೀಯಲ್ಲ, ನಾಲ್ಕು ದಿನ ಉಳಿಯೋ ಹಾಗೆ ಬಾ."

"ಬರ್ತೀನಿ ಕಣೇ."

"ಬಸ್ಸು ಬಂತು. ನಿಂತೇ ಇದ್ದೀಯಲ್ಲ, ಓಡೋ!"

ವಾಚಕರೇ, ಕ್ಷಮಿಸಿ. ಓಡುತ್ತಿದ್ದೇನೆ.